ಅಪ್ಪಣೆಯೂ ಮನಸ್ಸಾಕ್ಷಿಯೂ

ನಮ್ಮ ಹೆಣ್ಣುಮಕ್ಕಳು ಓದು ಮುಗಿಸಿ ಉದ್ಯೋಗಕ್ಕೆ ಹೋಗುವುದು ಈಗ ಹೊಸ ಸಂಗತಿಯಲ್ಲ. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಿದ್ದಾರೆ, ದಾದಿಯರಿದ್ದಾರೆ, ಕಚೇರಿಗಳಲ್ಲಿ ಲೆಕ್ಕಪತ್ರ ನೋಡುವವರಿದ್ದಾರೆ. ಇಂಥವರಿಗೆ ಮೇಲಧಿಕಾರಿಗಳು ಬರೆದುಕೊಡುವ ಪ್ರಶಂಸಾಪತ್ರಗಳಲ್ಲಿ ‘ವಿಧೇಯಳು’ ಎಂಬ ಮಾತಿದ್ದರೆ ತಂದೆತಾಯಿಗಳು ಸಂತೋಷಪಡುತ್ತಾರೆ, ಶಾಲೆಯವರೂ ಹೆಮ್ಮೆಪಡುತ್ತಾರೆ. ಆ ಸಂತೋಷವನ್ನು ಕೆಡಿಸುವುದು ನಮ್ಮ ಇಷ್ಟವಲ್ಲ. ಗಂಟೆ ಬಾರಿಸಿದೊಡನೆ ಸಾಲಾಗಿ ನಿಲ್ಲುವುದನ್ನು ಕಲಿಯದವಳು ಯಾವ ಕೆಲಸಕ್ಕೂ ಒದಗಲಾರಳು. ಆದರೂ, ಉದ್ಯೋಗದಲ್ಲಿ ಒಬ್ಬಳು ಧರ್ಮವಾಗಿ ನಡೆಯುವುದಕ್ಕೆ ವಿಧೇಯತೆಯೊಂದೇ ಸಾಲದೆಂದೂ, ಕೆಲವು ವೇಳೆ ಅದೇ ಅಡ್ಡಿಯಾಗುವುದೆಂದೂ ನಾವು ನಂಬುತ್ತೇವೆ.

ಅಮೇರಿಕದಲ್ಲಿ ಹಾಫ್ಲಿಂಗ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ 1966ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಬೇಕು. ಆಸ್ಪತ್ರೆಯಲ್ಲಿ ಒಬ್ಬಳೇ ಕೆಲಸದಲ್ಲಿದ್ದ ದಾದಿಗೆ, ಅವಳು ಎಂದೂ ಕಾಣದ ವೈದ್ಯನೊಬ್ಬನು ಟೆಲಿಫೋನಿನಲ್ಲಿ ಮಾತನಾಡಿ, ಇಂಥ ರೋಗಿಗೆ ಇಂಥ ಔಷಧವನ್ನು 20 ಮಿಲಿಗ್ರಾಂ ಕೊಡೆಂದು ಅಪ್ಪಣೆಮಾಡುವನು. ದಿನಕ್ಕೆ 10 ಮಿಲಿಗ್ರಾಮಿಗೆ ಮೀರಕೂಡದೆಂದು ಡಬ್ಬಿಯ ಮೇಲೆಯೇ ಬರೆದಿತ್ತು. ಟೆಲಿಫೋನಿನ ಅಪ್ಪಣೆಯಂತೆ ಔಷಧ ಕೊಡುವುದು ಆಸ್ಪತ್ರೆಯ ನಿಯಮಕ್ಕೂ ವಿರುದ್ಧವಾಗಿತ್ತು. 22 ಮಂದಿ ದಾದಿಯರಲ್ಲಿ 21 ಮಂದಿ ಔಷಧವನ್ನು ತೆಗೆದುಕೊಂಡು ರೋಗಿಯ ಕಡೆಗೆ ನಡೆದೇಬಿಟ್ಟರು! ಮರೆಯಲ್ಲಿದ್ದವರು ಬಂದು ತಡೆದರು. ಡಬ್ಬಿಯಲ್ಲಿದ್ದುದೂ ನಿರಪಾಯವಾದ ಸಕ್ಕರೆಯೇ. ಇಂಥ ಸಂದರ್ಭದಲ್ಲಿ ಏನು ಮಾಡುವಿರೆಂದು ಬೇರೆ 12 ಮಂದಿ ದಾದಿಯರನ್ನು ಬಾಯಿಮಾತಿನಲ್ಲಿ ಕೇಳಿದಾಗ, 10 ಮಂದಿ ಕೊಡಲಾರೆವೆಂದಿದ್ದರು; ಕಲಿಯುತ್ತಿದ್ದ 21 ಮಂದಿಯೂ ಹಾಗೆಯೇ ಉತ್ತರವಿತ್ತಿದ್ದರು.

ಆ ದಾದಿಯರು ಕೆಟ್ಟವರೆಂದು ಯಾರು ಹೇಳಿಯಾರು? ರೋಗಿಗಳ ಸೇವೆಗೆಂದೇ ಬಂದವರು. ವೈದ್ಯನಿಗೆ ಎದುರಾಡಕೂಡದೆಂಬ ಬಹುಕಾಲದ ಅಭ್ಯಾಸ, ಎದುರಾಡಿದರೆ ಬರುವ ಬೈಗುಳು, ಕೇಳಿ ನೋಡೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲದಿರುವಿಕೆ—ಇವೆಲ್ಲ ಸೇರಿ ಅವರ ಕೈಯನ್ನು ನಡೆಸಿದುವು.

1977ರಲ್ಲಿ ರ್ಯಾಂಕ್ ಮತ್ತು ಜೇಕಬ್ಸನ್ ಎಂಬವರು ಇದೇ ಪರೀಕ್ಷೆಯನ್ನು ಸ್ವಲ್ಪ ಬದಲಾಯಿಸಿ ನಡೆಸಿದರು. ಈ ಸಲ ದಾದಿಯರಿಗೆ ಪರಿಚಯವಿದ್ದ ಔಷಧವನ್ನು ಹೆಸರಿಸಲಾಯಿತು. ಜೊತೆಯವರೊಡನೆ ಮಾತನಾಡಲು ಅವಕಾಶವೂ ಇತ್ತು. 18 ಮಂದಿಯಲ್ಲಿ ಕೊಡಲು ಸಿದ್ಧರಾದವರು ಇಬ್ಬರೇ. ಕಾಲವೂ ಬದಲಾಗಿತ್ತೆಂಬುದು ದಿಟ. ಆದರೂ ತಿಳಿವಳಿಕೆಯೂ ಜೊತೆಗಾತಿಯೂ ಇದ್ದಲ್ಲಿ ಮನಸ್ಸಾಕ್ಷಿಗೆ ಬಾಯಿ ಬರುವುದೆಂದು ನಾವು ಎಣಿಸುತ್ತೇವೆ. ವಿಮೋಚನಕಾಂಡದಲ್ಲಿ ಫರೋಹನ ಅಪ್ಪಣೆಯನ್ನು ಮೀರಿ ಗಂಡುಕೂಸುಗಳನ್ನು ಉಳಿಸಿದ ಸೂಲಗಿತ್ತಿಯರನ್ನು ನಮ್ಮ ಹುಡುಗಿಯರು ಬಲ್ಲರು. ಅವರೂ ಇಬ್ಬರಿದ್ದರೆಂಬುದನ್ನು ಪಾಠಹೇಳುವಾಗ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಹೀಗಿರಲು ಹೊಣೆಯು ಕೈಕೆಳಗಿನವರದು ಮಾತ್ರವಲ್ಲ. ಏಮಿ ಎಡ್ಮಂಡ್ಸನ್ ಎಂಬ ವಿದುಷಿಯು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಒಳ್ಳೆಯ ಮುಖ್ಯ ದಾದಿಯರಿದ್ದ ವಾರ್ಡುಗಳಲ್ಲಿಯೇ ಔಷಧ ಕೊಡುವುದರಲ್ಲಾದ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದುವು. ಅಲ್ಲಿ ಹೆಚ್ಚು ತಪ್ಪಿದರೆಂದಲ್ಲ, ತಪ್ಪಿದುದನ್ನು ಹೆದರದೆ ಹೇಳಿಕೊಂಡರೆಂದು ಆಕೆ ಅರ್ಥಮಾಡಿದರು. ಹೇಳಿದವಳಿಗೆ ಮೊದಲು ಛೀಮಾರಿ ದೊರೆಯುವ ಕಡೆ ಲೆಕ್ಕವು ನಿರ್ಮಲವಾಗಿರುತ್ತದೆ, ರೋಗಿಯ ಗತಿ ದೇವರಿಗೇ ಗೊತ್ತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಮೇಲಿನ ಹುದ್ದೆಯಲ್ಲಿರುವವರು ತಮ್ಮ ಮೇಜಿನ ಮುಂದೆ ಎಷ್ಟು ಮಂದಿ ನಿರ್ಭಯವಾಗಿ ನಿಲ್ಲುತ್ತಾರೆಂದು ನೋಡಿಕೊಳ್ಳಲಿ.

ಶಾಲೆಗೂ ಒಂದು ಸೂಚನೆಯುಂಟು. ‘ಅಮ್ಮಾ, ಹಲಗೆಯ ಮೇಲಿನ ಲೆಕ್ಕ ತಪ್ಪಿದೆ’ ಎಂದು ವಿನಯದಿಂದ ಎದ್ದುನಿಂತು ಹೇಳುವ ಹುಡುಗಿಗೆ ನಡತೆಯ ಅಂಕವನ್ನು ಕಡಿಮೆಮಾಡದೆ ಹೆಚ್ಚಿಸಬೇಕು. ತಂದೆತಾಯಿಗಳ ಪಾಲು ಇದಕ್ಕಿಂತ ಕಷ್ಟದ್ದು. ದೂರದ ಊರಿನಿಂದ ಮಗಳು ರಾತ್ರಿಯಲ್ಲಿ ಫೋನುಮಾಡಿ, ಸುಳ್ಳು ಲೆಕ್ಕಕ್ಕೆ ರುಜುಹಾಕೆನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದಾಗ, ‘ಹೇಗಾದರೂ ಹೊಂದಿಕೊಂಡು ಹೋಗಮ್ಮ’ ಎಂಬ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ತಿಂಗಳ ಸಂಬಳ, ತಂಗಿಯ ಓದು, ಮನೆಯ ಸಾಲ ಎಲ್ಲವೂ ಆ ಮಾತಿನ ಹಿಂದೆ ನಿಂತಿರುತ್ತವೆಂಬುದನ್ನು ನಾವು ಬಲ್ಲೆವು. ಆದರೂ ಆ ರಾತ್ರಿ ಅವಳಿಗಿರುವ ಜೊತೆಯವರು ನಾವೊಬ್ಬರೇ.