ಮರಳುಗಾಡಿನಲ್ಲಿ ಮಲಗಲು ಒಂದು ಜಾಗ

ನಮ್ಮ ಬ್ಯಾಂಕಿನವರಿಗೆ ಎಲ್.ಎಫ್.ಸಿ. ಅಂತ ಒಂದು ಸವಲತ್ತು ಇದೆ. ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡು ಸಲ ಊರಿಗೆ ಹೋಗಿಬರಬಹುದು, ಇಲ್ಲವೇ ಒಂದು ಸಲ ಊರಿಗೆ, ಇನ್ನೊಂದು ಸಲ ದೇಶದ ಯಾವ ಮೂಲೆಗಾದರೂ. ಮೂವತ್ತೆರಡು ವರ್ಷದಿಂದ ಡೊಂಬಿವಲಿಯಲ್ಲಿರುವ ನಾನು ಇದನ್ನು ಹೆಚ್ಚುಕಡಿಮೆ ಧಾರವಾಡಕ್ಕೇ ಖರ್ಚು ಮಾಡಿದ್ದೇನೆ. ಮದುವೆ, ಸೀಮಂತ, ಹೊಲದ ತಕರಾರು, ಅವ್ವನ ಔಷಧಿ... ನೀವೂ ಪರಊರಿನಲ್ಲಿ ಸಂಸಾರ ಹೂಡಿದವರಾದರೆ ಹೆಚ್ಚು ಹೇಳಬೇಕಿಲ್ಲ. ನಮಗೆ ರಜೆ ಅಂದರೆ ಊರು, ಊರು ಅಂದರೆ ಕೆಲಸ.

ಅವ್ವ ಕಡೆಯ ಆರು ವರ್ಷ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ರಾತ್ರಿ ಎರಡು ಮೂರು ಸಲ ಕರೆಯುತ್ತಿದ್ದಳು, ಪ್ರತಿ ಸಲವೂ ಎದ್ದವಳು ನನ್ನ ಹೆಂಡತಿ. ನನಗೆ ಬೆಳಿಗ್ಗೆ 7.20ರ ಲೋಕಲ್ ಹಿಡಿಯಬೇಕು ಅನ್ನುವ ನೆಪ ಇತ್ತು. ವರ್ಷಾಂತಿಕ ಮುಗಿದ ಮೇಲೆ ಒಂದು ದಿನ ಆಕೆ ಅಂದಳು, "ಏನ್ರಿ, ಯಾರೂ ಕರೀಲಾರದಂಗ ಒಂದೆರಡು ರಾತ್ರಿ ಮಲಗಬೇಕಾಗೇತಿ. ಎಲ್ಲೆರ ಕರಕೊಂಡು ಹೋಗ್ರಿ. ಗುಡಿ ಬ್ಯಾಡ, ಬೀಗರು ಬ್ಯಾಡ."

ನಾನು ಜೈಸಲ್ಮೇರ್ ಅಂದೆ. ಮರಳುಗಾಡಿಗಿಂತ ಶಾಂತವಾದ ಜಾಗ ಇನ್ನಾವುದು? ಹಾಗಂದುಕೊಂಡಿದ್ದೇ ನನ್ನ ಮೊದಲ ತಪ್ಪು. ಅದಕ್ಕೇ ಈ ಲೇಖನ.

ಹೋಗುವವರಿಗೆ ಮುಖ್ಯವಾಗಿ ಮೂರು ಆಯ್ಕೆ. ಒಂದು, ಊರಿನ ನಡುವಿನ ಕೋಟೆಯೊಳಗಿನ ಹೋಟೆಲು. ಎರಡು, ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳ ಹತ್ತಿರದ ಟೆಂಟ್ ರಿಸಾರ್ಟುಗಳು. ಮೂರು, ನೈಋತ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದ ಖುರಿ ಎಂಬ ಹಳ್ಳಿ. ಕೋಟೆಯ ಹೊರಗೆ ಊರಲ್ಲಿ ಎಲ್ಲ ದರದ ಹೋಟೆಲುಗಳೂ, ರಸ್ತೆಗುಂಟ ಈಜುಕೊಳ ಇರುವ ದೊಡ್ಡ ರಿಸಾರ್ಟುಗಳೂ ಇವೆ. ಅವು ಎಲ್ಲ ಊರಲ್ಲೂ ಇರುವಂಥವೇ.

ಕೋಟೆ ನನಗೆ ಹೊಸದಲ್ಲ. 2004ರಲ್ಲಿ ಅವ್ವ, ಮಕ್ಕಳ ಸಮೇತ ಹೋಗಿ ಕೋಟೆಯೊಳಗೇ ಎರಡು ರಾತ್ರಿ ಇದ್ದೆವು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ, ಹಳದಿ ಕಲ್ಲು, ಸಂಜೆ ಬಿಸಿಲಿಗೆ ನಿಜಕ್ಕೂ ಬಂಗಾರ. ಸತ್ಯಜಿತ್ ರಾಯ್ ಅವರ 1974ರ 'ಸೋನಾರ್ ಕೆಲ್ಲಾ' ಸಿನಿಮಾ ನೋಡಿ ಬಂಗಾಳಿಗಳು ಇಂದಿಗೂ ಬರುತ್ತಾರೆ. ಇವತ್ತಿಗೂ ಸಾವಿರಾರು ಜನ ಒಳಗೆ ಸಂಸಾರ ಮಾಡಿಕೊಂಡಿರುವ ಕೋಟೆ ಅದು. ನಮ್ಮ ಕೋಣೆಯ ಬಚ್ಚಲುಮನೆಯ ಗೋಡೆಯಲ್ಲಿ ನೀರಿನ ಕಲೆ ಮೇಲಿಂದ ಕೆಳಗಿನವರೆಗೂ ಇಳಿದಿತ್ತು. ಹಿಂದೆ ಗಡೀಸರ್ ಕೆರೆಯಿಂದ ಹೆಂಗಸರು ಕೊಡ ಹೊತ್ತು ನೀರು ತರುತ್ತಿದ್ದರು ಎಂದು ಮನೆಯವರು ಹೇಳಿದಾಗ ಅವ್ವ ಕೇಳಿದ್ದಳು, "ಕೊಡದ ನೀರಿಗೆ ಕಟ್ಟಿದ ಮನ್ಯಾಗ ನಳದ ನೀರು ಸುರುವಿದರ ಗ್ವಾಡಿ ತಡೀತಾವೇನು?"

ಇಂಜಿನಿಯರುಗಳು ಹೇಳಿದ್ದೂ ಅದನ್ನೇ. ವರ್ಷಕ್ಕೆ 200 ಮಿ.ಮೀ. ಮಳೆಯೂ ಗ್ಯಾರಂಟಿ ಇಲ್ಲದ ಊರು ಅದು. ಗುಡ್ಡದ ಮೆದು ಕಲ್ಲು, ಜೇಡಿಮಣ್ಣಿನ ಪದರುಗಳ ಮೇಲೆ ಕೋಟೆ ನಿಂತಿದೆ. ನಳ ಬಂತು, ಶೌಚಾಲಯ ಬಂತು, ಹೋಟೆಲು ಬಂದವು. ಚರಂಡಿಯಿಂದ ಸೋರಿದ ನೀರು ಬುಡಕ್ಕೆ ಇಳಿಯಿತು. ತೊಂಬತ್ತರ ದಶಕದಲ್ಲೇ ಕೆಲವು ಬುರುಜುಗಳು ಕುಸಿದವು. 1996ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದ ಪಟ್ಟಿಗೆ ಸೇರಿಸಿತು, 2013ರಲ್ಲಿ ಯುನೆಸ್ಕೋ ರಾಜಸ್ಥಾನದ ಇತರ ಐದು ಗಿರಿದುರ್ಗಗಳ ಜೊತೆ ಇದನ್ನೂ ವಿಶ್ವಪರಂಪರೆಗೆ ಸೇರಿಸಿತು, 2024ರ ಆಗಸ್ಟ್ ಮಳೆಗೆ ಗೋಡೆಯ ಒಂದು ಭಾಗ ಮತ್ತೆ ಬಿತ್ತು. ಅಲ್ಲೇ ಹುಟ್ಟಿ ಬೆಳೆದವರಿಗೆ ಹೋಗಿ ಅನ್ನಲು ನಾನು ಯಾರು? ಆದರೆ ನಾನು ಒಂದು ಬಕೆಟ್ ನೀರನ್ನು ಕೋಟೆಯ ಹೊರಗೆ ಸುರಿದುಕೊಳ್ಳಬಹುದಲ್ಲ. ಹಗಲೆಲ್ಲ ಕೋಟೆ ನೋಡಿ, ಅಲ್ಲೇ ಊಟ ಮಾಡಿ, ಸಾಮಾನು ಕೊಳ್ಳಿ. ರಾತ್ರಿ ಇಳಿದು ಬನ್ನಿ.

ಈ ಸಲ ಸಾಲದ ಅರ್ಜಿಗಳಿಗೆ ಮಾಡುವ ಹಾಗೆ ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡಿದೆ. ದರ, ದೂರ, ಊಟ, ಬಿಸಿನೀರು, ಕ್ಯಾನ್ಸಲೇಶನ್. ಸಮ್‌ನ ಒಂದು ರಿಸಾರ್ಟು ಎಲ್ಲ ಕಾಲಮ್ಮಿನಲ್ಲೂ ಗೆದ್ದಿತು. ಸ್ವಿಸ್ ಟೆಂಟು, ಒಂಟೆ ಸವಾರಿ, ಜೀಪ್ ಸಫಾರಿ, ಜಾನಪದ ನೃತ್ಯ, ರಾತ್ರಿಯೂಟ, ಬೆಳಗಿನ ನಾಷ್ಟಾ, ಎಲ್ಲ ಸೇರಿ ಒಂದೇ ರೇಟು. ಎರಡು ರಾತ್ರಿಗೆ ಮುಂಗಡ ಕಟ್ಟಿದೆ. ನಾವು ಹೊರಟಿದ್ದೇ ನಿದ್ದೆಗೆ, ನನ್ನ ಸ್ಟೇಟ್‌ಮೆಂಟಿನಲ್ಲಿ ನಿದ್ದೆಗೇ ಕಾಲಮ್ ಇರಲಿಲ್ಲ.

ಡಿಸೆಂಬರ್ ಮೂರನೇ ವಾರ. ಬಾಂದ್ರಾದಿಂದ ಸೂರ್ಯನಗರಿ ಎಕ್ಸ್‌ಪ್ರೆಸ್ಸಿನಲ್ಲಿ ಜೋಧಪುರ, ಅಲ್ಲಿಂದ ಕಾರಿನಲ್ಲಿ ಐದು ತಾಸು. ಸಂಜೆ ಮಾಂಗಣಿಯಾರ್ ಕಲಾವಿದರು ಕಮಾಯಚಾ, ಖಡತಾಳ ಹಿಡಿದು ಕೂತರು. ಮೊದಲ ಮುಕ್ಕಾಲು ತಾಸು ಚಿನ್ನದಂಥ ಹಾಡು. ಆಮೇಲೆ ಅವರನ್ನು ಎಬ್ಬಿಸಿ ಡಿಜೆ ಶುರು ಮಾಡಿದರು. ನಮ್ಮದು ಮುಗಿದರೆ ಪಕ್ಕದ ಕ್ಯಾಂಪಿನದು, ಅದು ಮುಗಿದರೆ ಅದರಾಚೆಯದು. ಟೆಂಟಿಗೆ ಗೋಡೆ ಎಲ್ಲಿದೆ? ಹನ್ನೆರಡೂವರೆಗೆ ಆಕೆ ರಜಾಯಿಯೊಳಗಿಂದ ತಲೆ ಹೊರಗೆ ಹಾಕಿ ಅಂದಳು, "ಏನ್ರಿ, ನಾವು ನಿದ್ದಿ ಮಾಡಾಕ ಬಂದೀವೋ, ಇವರ ಮದುವಿಗೆ ಬಂದೀವೋ? ಇದಕ್ಕಿಂತ ನಮ್ಮ ಡೊಂಬಿವಲಿ ಗಣಪತಿ ಚಲೋ, ಹತ್ತಕ್ಕ ಬಂದ್ ಮಾಡ್ತಾರ."

ಅದನ್ನು ಕೇಳಿ ನಗು ಬಂತು, ಆದರೆ ಆಕೆ ನಗಲಿಲ್ಲ. ಆರು ವರ್ಷ ಎದ್ದವಳಿಗೆ ನಾನು ಇನ್ನೊಂದು ಜಾಗರಣೆ ಕೊಂಡುಕೊಟ್ಟಿದ್ದೆ, ಅದೂ ಜಿ.ಎಸ್.ಟಿ. ಸಮೇತ.

ಬೆಳಿಗ್ಗೆ ಎರಡನೇ ರಾತ್ರಿಯ ಮುಂಗಡವನ್ನು ರೈಟ್‌ಆಫ್ ಮಾಡಿದೆ. ಸರ್ವಿಸ್ಸಿನಲ್ಲಿ ಅಷ್ಟು ಬೇಗ ಯಾವ ಖಾತೆಯನ್ನೂ ರೈಟ್‌ಆಫ್ ಮಾಡಿದವನಲ್ಲ ನಾನು. ಡ್ರೈವರನಿಗೆ ಖುರಿಗೆ ನಡೆ ಅಂದೆ.

ಖುರಿಯಲ್ಲಿ ನಾವಿದ್ದದ್ದು ಒಂದು ಮನೆತನ ನಡೆಸುವ ನಾಲ್ಕೈದು ಗುಡಿಸಲಿನ ಜಾಗ. ಮಣ್ಣಿನ ದಪ್ಪ ಗೋಡೆ, ಮೇಲೆ ಹುಲ್ಲು. ಬಿಸಿನೀರು ಬಕೆಟ್ಟಿನಲ್ಲಿ, ಕೇಳಿದಾಗ. ಮಂಚ ಸ್ವಲ್ಪ ಗಟ್ಟಿ. ಮೊಬೈಲಿಗೆ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಊಟಕ್ಕೆ ಬಾಜ್ರಾ ರೋಟಿ, ಕೇರ್ ಸಾಂಗ್ರಿ ಪಲ್ಯ, ಬೆಳ್ಳುಳ್ಳಿ ಚಟ್ನಿ. ಆಕೆ ರೊಟ್ಟಿ ಮುರಿದು "ಇದು ನಮ್ಮ ಸಜ್ಜಿ ರೊಟ್ಟೀನs ಅಲ್ರಿ" ಅಂದು ಒಳಗಿನ ಹೆಂಗಸರ ಹತ್ತಿರ ಎದ್ದು ಹೋದಳು. ಎಂಟಕ್ಕೆ ದೀಪ ಆರಿತು. ಅಮಾವಾಸ್ಯೆ ಹತ್ತಿರ ಇದ್ದುದರಿಂದ ಆಕಾಶದ ತುಂಬ ಚುಕ್ಕೆ. ನಾನು ಹೊರಗೆ ಕಂಬಳಿ ಹೊದ್ದು ಕೂತೆ. ಒಳಗೆ ಆಕೆ ಮಲಗಿದ್ದಳು. ಬೆಳಿಗ್ಗೆ ಒಂಬತ್ತಾದರೂ ಏಳಲಿಲ್ಲ. ಚಹಾ ತಂದ ಹುಡುಗನನ್ನು ಎರಡು ಸಲ ವಾಪಸ್ ಕಳಿಸಿದೆ.

ಈಗ ನನ್ನ ಅಭಿಪ್ರಾಯ. ಮರಳುಗಾಡಿಗೆ ಹೋಗುವವರು ಅಲ್ಲಿ ಏನೇನಿದೆ ಎಂದು ಪಟ್ಟಿ ಮಾಡುತ್ತೇವೆ. ನಿಜವಾಗಿ ನಾವು ದುಡ್ಡು ಕೊಡಬೇಕಾದದ್ದು ಅಲ್ಲಿ ಏನಿಲ್ಲ ಎಂಬುದಕ್ಕೆ. ಸದ್ದಿಲ್ಲ, ದೀಪವಿಲ್ಲ, ಗದ್ದಲವಿಲ್ಲ. ಇವು ಮೂರೂ ಪ್ಯಾಕೇಜಿನಲ್ಲಿ ಬರುವುದಿಲ್ಲ. ಪ್ಯಾಕೇಜು ದೊಡ್ಡದಾದಷ್ಟೂ ಇವು ಕಡಿಮೆ.

ಇದು ನಮ್ಮ ನಿದ್ದೆಯ ಪ್ರಶ್ನೆ ಮಾತ್ರವೂ ಅಲ್ಲ. ಸಮ್, ಖುರಿ ಎರಡೂ 3,162 ಚದರ ಕಿ.ಮೀ. ಹಬ್ಬಿದ ಡೆಸರ್ಟ್ ನ್ಯಾಷನಲ್ ಪಾರ್ಕಿನ ಸೀಮೆ. ಗೋಡಾವಣ್ ಹಕ್ಕಿ ಉಳಿದಿರುವುದು ಹೆಚ್ಚಾಗಿ ಅಲ್ಲಿ. ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲೂ ಕಂಡಿರುವ, ನಮ್ಮ ಕಡೆ ಎರೆಭೂತ ಅನ್ನುವ ಅದೇ ಹಕ್ಕಿ. ಇಡೀ ದೇಶದ ಕಾಡಿನಲ್ಲಿ ನೂರೈವತ್ತಕ್ಕಿಂತ ಕಡಿಮೆ ಎಂದು ಲೆಕ್ಕ. ಅದರ ಮರಿಗಳನ್ನು ಸಾಕಿ ಬೆಳೆಸುವ ಕೇಂದ್ರವನ್ನು 2019ರಲ್ಲಿ ಆರಂಭಿಸಿದ್ದೂ ಸಮ್‌ನಲ್ಲೇ. ಆ ಸೀಮೆಯಲ್ಲಿ ನಡುರಾತ್ರಿಯ ಸ್ಪೀಕರು!

ಕ್ಯಾಂಪುಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ಒಪ್ಪುತ್ತೇನೆ. ಕಾಲೇಜು ಹುಡುಗರು ಕುಣಿಯಬೇಕೆಂದು ಹೋದರೆ ಅದೂ ಅವರ ರಜೆ. ಆದರೆ ಹಾಡುವವನಿಗೂ ಒಂಟೆಯವನಿಗೂ ಸ್ಪೀಕರಿನಿಂದ ಬಂದದ್ದೇನು? ಖುರಿಯಲ್ಲೂ ಹಾಡುವವರು ಬಂದಿದ್ದರು, ಮೈಕಿಲ್ಲದೆ. ಅವರ ಕೈಗೆ ನೇರ ದುಡ್ಡು ಕೊಟ್ಟು ಬಂದೆ.

ಬುಕ್ ಮಾಡುವ ಮೊದಲು ಫೋನಿನಲ್ಲಿ ಐದು ಪ್ರಶ್ನೆ ಕೇಳಿ. ರಾತ್ರಿ ಸ್ಪೀಕರು ಎಷ್ಟಕ್ಕೆ ಬಂದ್ ಆಗುತ್ತದೆ? ಪಕ್ಕದ ಕ್ಯಾಂಪು ಎಷ್ಟು ದೂರ? ಗೋಡೆ ಮಣ್ಣಿನದೋ, ಬಟ್ಟೆಯದೋ? ಬೆಳಗಿನ ಜಾವ ಚಳಿಗೆ ಎಷ್ಟು ರಜಾಯಿ ಕೊಡುತ್ತೀರಿ? ಒಂದೇ ರಾತ್ರಿ ಇದ್ದು ಹೊರಟರೆ ದುಡ್ಡು ವಾಪಸ್ ಇದೆಯೇ? ಮೊದಲ ಪ್ರಶ್ನೆಗೆ "ಫುಲ್ ಎಂಜಾಯ್ ಸಾರ್" ಎಂಬ ಉತ್ತರ ಬಂದರೆ ಫೋನ್ ಇಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಮತ್ತೆ ಮಾಘದ ಮರುಭೂಮಿ ಉತ್ಸವದ ದಿನಗಳಲ್ಲಿ ದರವೂ ಹೆಚ್ಚು, ಜನವೂ ಹೆಚ್ಚು. ಚುಕ್ಕೆ ಬೇಕಾದವರು ಕಾಲನಿರ್ಣಯದಲ್ಲಿ ಅಮಾವಾಸ್ಯೆ ನೋಡಿಕೊಳ್ಳಿ. ಇನ್ನೊಂದು ಲೆಕ್ಕ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿ.ಎಸ್.ಟಿ. 5%, ಅದನ್ನು ದಾಟಿದರೆ 18%. ಬಿಲ್ಲು ಕೇಳಿ ತೆಗೆದುಕೊಳ್ಳಿ.

ಕಡೆಗೆ ನನ್ನಂಥ ಗಂಡಸರಿಗೆ ಒಂದು ಮಾತು. ಜಾಗ ಆರಿಸುವ ಮೊದಲು ಯಾರ ಆಯಾಸ ಕಳೆಯಬೇಕಾಗಿದೆ ಎಂದು ಕೇಳಿಕೊಳ್ಳಿ. ಕಾಲಮ್ಮುಗಳನ್ನು ಅವರೇ ಹಾಕಲಿ, ನಾವು ಅಂಕಿ ತುಂಬಿದರೆ ಸಾಕು. ಮುಂದಿನ ಬ್ಲಾಕಿಗೆ ನಾನು ರಿಟೈರ್ ಆಗಿರುತ್ತೇನೆ, ಎಲ್.ಎಫ್.ಸಿ. ಇರುವುದಿಲ್ಲ. ಖುರಿಯವರ ನಂಬರು ಮಾತ್ರ ಆಕೆ ತನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.