ಹಟ್ಟಿಯ ಬಂಗಾರವೂ ನಮ್ಮ ಹೊಣೆಯೂ

ಬಂಗಾರದ ಗಣಿಯೆಂದೊಡನೆ ಕನ್ನಡಿಗರಿಗೆ ಕೋಲಾರವು ನೆನಪಾಗುವದು. ಅದು ಸಹಜವೇ ಸರಿ. ಆದರೆ ಕೋಲಾರದ ಗಣಿಗಳು 2001ನೆಯ ಇಸವಿಯ ಫೆಬ್ರುವರಿ 28ರಂದು ಮುಚ್ಚಿದ ತರುವಾಯ ನಾಡಿನ ಬಂಗಾರದ ಹೆಸರನ್ನು ಉಳಿಸಿಕೊಂಡು ಬಂದಿರುವ ಊರು ಬೇರೊಂದಿರುವದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯೇ ಆ ಊರು. ಅದರ ಹೆಸರನ್ನು ಕೇಳಿದವರು ಬಹಳ. ಅದನ್ನು ಕಣ್ಣಾರೆ ಕಂಡವರು ವಿರಳ. ದನಕುರಿಗಳೊಡನೆ ಜನರು ನೆಲೆಸಿದ ಸಣ್ಣ ವಸತಿಗೆ ನಮ್ಮವರು ಹಟ್ಟಿಯೆನ್ನುವರು. ಹೆಸರಿನಲ್ಲಿ ಇಷ್ಟು ಬಡತನವನ್ನೂ ಒಡಲಿನಲ್ಲಿ ಅಷ್ಟು ಸಿರಿಯನ್ನೂ ಇಟ್ಟುಕೊಂಡ ಊರು ಕನ್ನಡ ನಾಡಿನಲ್ಲಿ ಮತ್ತೊಂದು ಇರಲಾರದು. ಈ ಊರಿನ ಕಥೆಯನ್ನು ಇಂದು ವಾಚಕರ ಮುಂದಿಡುವದಕ್ಕೆ ನಮಗೆ ಒಂದು ಕಾರಣವಿದೆ. ಅದನ್ನು ಕಥೆಯು ಮುಗಿದ ಮೇಲೆ ಹೇಳುವೆವು.

ಹಟ್ಟಿಯು ಕೃಷ್ಣಾ ತುಂಗಭದ್ರೆಗಳ ನಡುವಿನ ಎಡದೊರೆ ನಾಡಿನಲ್ಲಿದೆ. ರಾಯಚೂರಿನಿಂದ ಪಶ್ಚಿಮಕ್ಕೆ ಎಪ್ಪತ್ತೆಂಬತ್ತು ಕಿಲೋಮೀಟರು, ಲಿಂಗಸುಗೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಎರಡು ಮಹಾನದಿಗಳ ನಡುವೆ ಇದ್ದರೂ ಈ ಭಾಗವು ಮಳೆಗಾಗಿ ಮುಗಿಲು ನೋಡುವ ಸೀಮೆ. ಈ ದೋಆಬಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಎಷ್ಟು ಸಲ ಕಾದಿದರೆಂಬದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದದ್ದು ಈ ದೋಆಬದ ಕಾದಾಟಗಳಲ್ಲಿ ಹೆಸರಾದದ್ದು. ಆದರೆ ಆ ಅರಸರಿಗಿಂತ ಬಹು ಹಿಂದೆಯೇ ಇಲ್ಲಿಯ ಜನರು ಕಲ್ಲಿನ ಒಡಲನ್ನು ಬಗೆದು ಬಂಗಾರವನ್ನು ತೆಗೆದಿದ್ದರೆಂಬದನ್ನು ಬಲ್ಲವರು ಕಡಿಮೆ.

ಹಟ್ಟಿಯ ಹಳೆಯ ಅಗೆತಗಳು ಆರುನೂರು ಅಡಿಗೂ ಮಿಕ್ಕು ಆಳಕ್ಕೆ ಇಳಿದಿರುವವು. ಅವುಗಳಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಡ್ಡಿದಾಗ ಅವು ಸುಮಾರು ಎರಡು ಸಾವಿರ ವರುಷಗಳ ಹಿಂದಿನವೆಂದು ತಿಳಿದುಬಂದಿತು. ರೇಮಂಡ್ ಆಲ್ಚಿನ್ನರು 1962ರಲ್ಲಿ ಪ್ರಕಟಿಸಿದ ಪ್ರಾಚೀನ ಭಾರತದ ಬಂಗಾರದ ಗಣಿಗಾರಿಕೆಯ ಪ್ರಬಂಧದಲ್ಲಿ ಈ ಅಗೆತಗಳ ವಿಚಾರವು ಬಂದಿರುವದು. ಮದ್ದು ಇರಲಿಲ್ಲ, ಯಂತ್ರವಿರಲಿಲ್ಲ, ದೀಪವೆಂದರೆ ಎಣ್ಣೆಯ ಹಣತೆ. ಬಂಡೆಗೆ ಬೆಂಕಿಯಿಟ್ಟು ಕಾಯಿಸುವದು, ಕಾದ ಕಲ್ಲು ಬಿರಿದ ಕೂಡಲೆ ಒಡೆದು ಹೊರುವದು, ಮೇಲೆ ತಂದು ಬಂಡೆಯ ಕುಳಿಗಳಲ್ಲಿ ಅರೆದು ನೀರಿನಲ್ಲಿ ತೊಳೆಯುವದು, ಇದು ಅವರ ವಿದ್ಯೆ. ಆ ಹೊಗೆಯಲ್ಲಿ ಉಸಿರು ಕಟ್ಟಿ ದುಡಿದವರ ಹೆಸರೊಂದೂ ಯಾವ ಶಾಸನದಲ್ಲಿಯೂ ಉಳಿದಿಲ್ಲ.

ಅರಸನ ಹೆಸರು ಮಾತ್ರ ಉಳಿದಿದೆ; ಅದೂ ಬಂಗಾರವನ್ನು ಅರಸುವವನ ಕಣ್ಣಿಗೇ ಬಿದ್ದಿತು. 1915ರಲ್ಲಿ ನಿಜಾಮ ಸಂಸ್ಥಾನದಲ್ಲಿ ಬಂಗಾರವನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನಿಗೆ ಹಟ್ಟಿಯ ಸೀಮೆಯಲ್ಲಿಯೇ ಇರುವ ಮಸ್ಕಿಯ ಗುಡ್ಡದಲ್ಲಿ ಅಕ್ಷರಗಳುಳ್ಳ ಬಂಡೆಯೊಂದು ಕಾಣಿಸಿತು. ಅದುವರೆಗೆ ದೇವಾನಾಂಪ್ರಿಯನೆಂಬ ಬಿರುದಿನಿಂದ ಮಾತ್ರ ಶಾಸನಗಳಲ್ಲಿ ಕಾಣುತ್ತಿದ್ದ ಚಕ್ರವರ್ತಿಯು ಅಶೋಕನೇ ಎಂಬದನ್ನು ಜಗತ್ತಿಗೆ ಸಾರಿದ್ದು ಈ ಮಸ್ಕಿಯ ಶಾಸನ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಿಂದ ಹೊರಟ ಆಜ್ಞೆಯನ್ನು ಹೇಳುವದು. ಆ ಸುವರ್ಣಗಿರಿಯ ಸ್ಥಳನಿರ್ಣಯದಲ್ಲಿ ವಿದ್ವಾಂಸರು ಒಮ್ಮತರಾಗಿಲ್ಲ. ಆದರೂ ಮೌರ್ಯರ ದಕ್ಷಿಣದ ಠಾಣ್ಯಕ್ಕೆ ಬಂಗಾರದ ಹೆಸರಿದ್ದದ್ದೂ, ಬಂಗಾರದ ಈ ಸೀಮೆಯಲ್ಲಿ ಅವರ ಶಾಸನವು ನಿಂತದ್ದೂ ಆಲೋಚನೆಗೆ ಅರ್ಹವಾದ ಸಂಗತಿಗಳು.

ಇನ್ನು ಕಲ್ಲಿನ ಮಾತು. ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ನಾಡನ್ನು ಸುತ್ತಿ, ಇಲ್ಲಿಯ ಅತಿ ಪ್ರಾಚೀನವಾದ ಒಂದು ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನಿಟ್ಟರು. ಕೋಲಾರದ ಬಂಗಾರ, ಗದಗಿನ ಕಪ್ಪತಗುಡ್ಡದ ಬಂಗಾರ, ಹಟ್ಟಿಯ ಬಂಗಾರ, ಮೂರೂ ಈ ಕುಲದ ಶಿಲೆಗಳಲ್ಲಿಯೇ ಹುಟ್ಟಿದವು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಲಾರವು ಮೈಸೂರಿನದು, ಕಪ್ಪತಗುಡ್ಡವು ಮುಂಬಯಿ ಇಲಾಖೆಯದು, ಹಟ್ಟಿಯು ನಿಜಾಮರದು. ಪ್ರಕೃತಿಯು ಒಂದಾಗಿ ಹಾಸಿದ ಬಂಡೆಯ ಮೇಲೆ ಮನುಷ್ಯರು ಮೂರು ಗಡಿಗಳನ್ನು ಎಳೆದಿದ್ದರು. ಏಕೀಕರಣದ ವಾದವನ್ನು ಭಾಷೆಯಿಂದ ಹೇಳಿದವರುಂಟು, ಇತಿಹಾಸದಿಂದ ಹೇಳಿದವರುಂಟು. ನೆಲದ ಕಲ್ಲು ಕೂಡ ಅದನ್ನೇ ಹೇಳುತ್ತಿತ್ತು.

ನಿಜಾಮರ ಕಾಲದಲ್ಲಿ ಹಟ್ಟಿಗೆ ಬಂದದ್ದು ವಿದೇಶೀ ಬಂಡವಾಳ. 1886ರಲ್ಲಿ ಸ್ಥಾಪಿತವಾದ ಹೈದರಾಬಾದ್ ಡೆಕ್ಕನ್ ಕಂಪನಿಯು ಸಂಸ್ಥಾನದ ಖನಿಜಗಳ ಹಕ್ಕನ್ನು ಪಡೆಯಿತು. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ ಹಟ್ಟಿಯ ಹಳೆಯ ಕುಳಿಗಳ ಬದಿಯಲ್ಲಿಯೇ ಹೊಸ ಶಾಫ್ಟುಗಳು ಇಳಿದವು. ಸುಮಾರು 1920ರ ಹೊತ್ತಿಗೆ ಆ ಕೆಲಸವು ನಿಂತುಹೋಯಿತು. ಗಣಿಯ ಲೆಕ್ಕವು ಇಂಗ್ಲಿಷಿನಲ್ಲಿ, ಸರಕಾರದ ಫರಮಾನು ಉರ್ದುವಿನಲ್ಲಿ; ಅಗೆಯುವವನ ನಿಟ್ಟುಸಿರು ಮಾತ್ರ ಕನ್ನಡದಲ್ಲಿ. ಕಂಪನಿಯು ಹೊರಟುಹೋದ ಮೇಲೆ ಊರಿಗೆ ಉಳಿದದ್ದು ನೀರು ತುಂಬಿದ ಕುಳಿಗಳೂ ಮಣ್ಣಿನ ದಿಬ್ಬಗಳೂ ಅಷ್ಟೆ. ಹಟ್ಟಿಯು ಮತ್ತೆ ಹಟ್ಟಿಯಾಯಿತು.

ಎರಡನೆಯ ಬಾಳು 1947ರಲ್ಲಿ ಪ್ರಾರಂಭವಾಯಿತು. ಆ ವರುಷ ಹೈದರಾಬಾದ್ ಬಂಗಾರದ ಗಣಿಗಳ ಕಂಪನಿಯು ಹುಟ್ಟಿತು. ಮರುವರುಷ, 1948ರ ಸಪ್ಟಂಬರದಲ್ಲಿ, ನಿಜಾಮರ ಆಳಿಕೆಯೇ ಮುಗಿಯಿತು. 1956ರ ನವೆಂಬರ 1ರಂದು ರಾಯಚೂರು ಜಿಲ್ಲೆಯು ಬೀದರ ಕಲಬುರ್ಗಿಗಳೊಡನೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು; ಗಣಿಯ ಕಂಪನಿಗೂ ಹಟ್ಟಿಯ ಹೆಸರು ಬಂದಿತು. ಇಲ್ಲಿ ಒಂದು ಭೇದವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಕೋಲಾರದ ಗಣಿಗಳು ಜಾನ್ ಟೇಲರ್ ಕಂಪನಿಯ ಕೈಯಿಂದ 1956ರಲ್ಲಿ ಮೈಸೂರು ಸರಕಾರಕ್ಕೂ, ಕೆಲವೇ ವರುಷಗಳಲ್ಲಿ ಅಲ್ಲಿಂದ ಕೇಂದ್ರ ಸರಕಾರಕ್ಕೂ ಹೋದವು. ಹಟ್ಟಿಯು ಹಾಗಲ್ಲ. ಅದು ಅಂದಿನಿಂದ ಇಂದಿನವರೆಗೆ ನಮ್ಮ ರಾಜ್ಯ ಸರಕಾರದ ಸ್ವತ್ತಾಗಿಯೇ ಇರುವದು.

ಇಂದಿನ ಹಟ್ಟಿಯನ್ನು ನೋಡಿರಿ. ಊರ ಮೇಲೆ ಶಾಫ್ಟಿನ ಗೋಪುರಗಳು ನಿಂತಿವೆ. ಪಾಳಿಯ ಹೊತ್ತಿಗೆ ಜನರು ಗುಂಪುಗುಂಪಾಗಿ ಗಣಿಗೆ ಇಳಿಯುವರು, ಏರುವರು. ಸಾವಿರಾರು ಅಡಿಯ ಆಳದಲ್ಲಿ ಬಂಡೆಗೆ ತೂತು ಕೊರೆದು, ಮದ್ದಿಟ್ಟು ಸಿಡಿಸಿ, ಅದಿರನ್ನು ಮೇಲಕ್ಕೆ ಎಳೆಯುವರು. ಅದು ಗಿರಣಿಯಲ್ಲಿ ಹಿಟ್ಟಾಗಿ ಸೈನೈಡಿನ ದ್ರಾವಣವನ್ನು ಸೇರುವದು. ದ್ರಾವಣದಲ್ಲಿ ಕರಗಿದ ಬಂಗಾರವನ್ನು ಇದ್ದಲಿಯು ಹೀರಿಕೊಳ್ಳುವದು. ಇದ್ದಲಿಯಿಂದ ಬಿಡಿಸಿ ವಿದ್ಯುತ್ತಿನಿಂದ ಕೂಡಿಸಿ ಕುಲುಮೆಯಲ್ಲಿ ಗಟ್ಟಿಮಾಡುವರು. ಒಂದು ಟನ್ನು ಕಲ್ಲನ್ನು ಅರೆದರೆ ಬರುವ ಬಂಗಾರವು ಕೆಲವೇ ಗ್ರಾಮು. ಹೀಗೆ ವರುಷಕ್ಕೆ ಸುಮಾರು ಒಂದೂವರೆ ಟನ್ನು ಬಂಗಾರವು ಇಲ್ಲಿಂದ ಹೊರಬೀಳುವದು. ಭಾರತವು ವರುಷ ವರುಷವೂ ಪರದೇಶದಿಂದ ತರಿಸುವ ನೂರಾರು ಟನ್ನಿನ ಮುಂದೆ ಇದು ಅಲ್ಪವೇ. ಆದರೂ ಕೋಲಾರವು ಮುಚ್ಚಿದ ಬಳಿಕ ನಾಡಿನ ನೆಲದಿಂದಲೇ ಬಂದ ಬಂಗಾರದಲ್ಲಿ ಬಹುಪಾಲು ಹಟ್ಟಿಯ ಬೆವರಿನದು.

ಈ ಬಂಗಾರವು ಎಲ್ಲಿಂದ ಹೊರಡುವದೋ ಆ ಸೀಮೆಯ ಸ್ಥಿತಿಯೇನು? 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಪ್ರಾದೇಶಿಕ ಅಸಮತೆಯನ್ನು ಅಳೆದು ವರದಿಯನ್ನೊಪ್ಪಿಸಿತು. ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಲಬುರ್ಗಿ ವಿಭಾಗದವೇ ಆಗಿದ್ದವು. 2018ರಲ್ಲಿ ಕೇಂದ್ರ ಸರಕಾರವು ದೇಶದ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಪಟ್ಟಿಮಾಡಿದಾಗ ಕರ್ನಾಟಕದಿಂದ ರಾಯಚೂರು ಯಾದಗಿರಿಗಳು ಅದರಲ್ಲಿ ಸೇರಿದವು. ಸಂವಿಧಾನದ 371ಜೆ ವಿಧಿಯು ಬಂದಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದದ್ದು ಸಂತೋಷವೇ. ಆದರೆ ಬಂಗಾರವನ್ನು ಕೊಡುವ ಜಿಲ್ಲೆಯು ಬಡತನದ ಪಟ್ಟಿಯಲ್ಲಿ ಕೂಡುವದು ಯಾವ ನ್ಯಾಯ? ಹಿಂದೆ ಇಂಥ ಪ್ರಶ್ನೆಯು ಬಂದಾಗ ನಾವು ನಿಜಾಮರ ಕಡೆಗೆ ಬೆರಳು ತೋರಿಸುತ್ತಿದ್ದೆವು, ಲಂಡನ್ನಿನ ಪಾಲುದಾರರ ಕಡೆಗೆ ತೋರಿಸುತ್ತಿದ್ದೆವು. ಇಂದು ಬೆರಳು ತೋರಿಸಲು ಯಾರಿದ್ದಾರೆ? ಗಣಿಯು ನಮ್ಮದು, ಸರಕಾರವು ನಮ್ಮದು, ಭಾಷೆಯು ನಮ್ಮದು. ದೂರುವವರೂ ನಾವೇ, ದೂರು ಕೇಳಬೇಕಾದವರೂ ನಾವೇ. ನಾವು ಈ ಲೇಖನವನ್ನು ಬರೆಯಲು ಕಾರಣವು ಇದೇ.

ಕೋಲಾರದ ಪಾಠವನ್ನು ಮರೆಯಬಾರದು. 1880ರಲ್ಲಿ ಟೇಲರ್ ಕಂಪನಿಯು ಅಲ್ಲಿ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಬೆಂಗಳೂರಿನ ಬೀದಿಗಳಿಗಿಂತ ಮೊದಲು, ಆ ಗಣಿಗಳನ್ನು ಮುಟ್ಟಿತು. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದು ಸುಮಾರು 800 ಟನ್ನು ಬಂಗಾರವನ್ನು ಅಲ್ಲಿಂದ ತೆಗೆದರು. ಬಳಿಕ ತೆಗೆಯುವ ಖರ್ಚು ಬಂಗಾರದ ಬೆಲೆಯನ್ನು ಮೀರಿತು, ಗಣಿಯು ಮುಚ್ಚಿತು. ಇಂದು ಅಲ್ಲಿಯ ದುಡಿಯುವ ಮಕ್ಕಳು ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಇರುಳಿಗೆ ಮರಳುವರು. ಊರಿನ ನೆತ್ತಿಯ ಮೇಲೆ ಸೈನೈಡಿನ ದಿಬ್ಬಗಳು ನಿಂತಿವೆ. ಗಾಳಿ ಬೀಸಿದರೆ ಆ ಧೂಳು ಮನೆಮನೆಗೆ ಬರುವದು. ನೂರಿಪ್ಪತ್ತು ವರುಷ ಬಂಗಾರವನ್ನು ಕೊಟ್ಟ ಊರಿಗೆ ಸಿಕ್ಕಿದ ಪ್ರತಿಫಲವು ಇದು. ಬಂಗಾರದ ಎಳೆಗೆ ಕೊನೆಯುಂಟು; ಊರಿಗೆ ಕೊನೆಯಾಗಬಾರದು.

ಒಂದು ಆಕ್ಷೇಪವು ಬರಬಹುದು. ‘ಗಣಿಯು ಸಾವಿರಾರು ಸಂಸಾರಗಳಿಗೆ ಅನ್ನವನ್ನು ಕೊಡುತ್ತಿದೆ, ಮನೆ, ದವಾಖಾನೆ, ಶಾಲೆಗಳನ್ನು ಕಟ್ಟಿಸಿದೆ, ಬಂಗಾರದ ಬೆಲೆಯೂ ಏರಿದೆ, ಇಷ್ಟರಲ್ಲಿಯೇ ಮುಚ್ಚುವ ಮಾತೇಕೆ?’ ಎಂದು ಕೇಳುವರು. ಆ ಮಾತಿನಲ್ಲಿ ಸತ್ಯವಿದೆ. ಅದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಅನ್ನವನ್ನು ಕೊಡುವದು ಬೇರೆ, ನಾಳೆಯನ್ನು ಕೊಡುವದು ಬೇರೆ. ಹೊಲವು ವರುಷಕ್ಕೊಮ್ಮೆ ಮತ್ತೆ ಬೆಳೆಯುವದು. ಗಣಿಯು ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡದು. ಬೆಲೆಯು ಏರಿದ ಈ ಕಾಲವೇ ಮುಂದಿನದನ್ನು ಯೋಚಿಸುವ ಕಾಲ. ಕೋಲಾರದಲ್ಲಿ ಯೋಚನೆಯು ಬಂದದ್ದು ಬೊಕ್ಕಸವು ಬರಿದಾದ ಮೇಲೆ.

ಆದುದರಿಂದ ನಾವು ನಾಲ್ಕು ಮಾತುಗಳನ್ನು ಸರಕಾರದ ಮುಂದೆಯೂ ಜನರ ಮುಂದೆಯೂ ಇಡುವೆವು. ಮೊದಲನೆಯದು, ಗಣಿಯ ಲಾಭದಲ್ಲಿ ಒಂದು ನಿಶ್ಚಿತ ಭಾಗವನ್ನು, ಯಾವ ಮಂತ್ರಿಯೂ ಮುಟ್ಟಲಾಗದಂತೆ, ಹಟ್ಟಿಯ ಮತ್ತು ಸುತ್ತಿನ ಹಳ್ಳಿಗಳ ಮುಂದಿನ ಬಾಳಿಗಾಗಿ ತೆಗೆದಿಡಬೇಕು. ಗಣಿಯಿಂದ ಬಾಧೆಪಟ್ಟ ಜನರ ಹಿತಕ್ಕೆಂದು 2015ರ ಕಾಯದೆಯ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಆ ಹಣದ ಲೆಕ್ಕವನ್ನು ಊರೂರಿನ ಚಾವಡಿಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಎರಡನೆಯದು, ನೀರು ಮತ್ತು ಉಸಿರು. ಹಟ್ಟಿಯ ಅದಿರಿನಲ್ಲಿ ಬಂಗಾರದೊಡನೆ ಆರ್ಸೆನಿಕ್ಕೂ ಇರುವದು. ಕಲ್ಲಿನ ನುಣ್ಣನೆಯ ಧೂಳು ಕಾರ್ಮಿಕನ ಎದೆಯನ್ನು ಕಲ್ಲಾಗಿಸುವದು. ಬಾವಿಗಳ ನೀರನ್ನೂ ದುಡಿದು ನಿವೃತ್ತರಾದವರ ಎದೆಯನ್ನೂ ತಪ್ಪದೆ ಪರೀಕ್ಷಿಸಿ ಫಲವನ್ನು ಮುಚ್ಚಿಡದೆ ತಿಳಿಸಬೇಕು. ಗುತ್ತಿಗೆಯ ಆಳು ಈ ಲೆಕ್ಕದಿಂದ ಹೊರಗುಳಿಯಬಾರದು. ಮೂರನೆಯದು, ಗಣಿಯ ಶಾಸ್ತ್ರವನ್ನು ಕನ್ನಡದಲ್ಲಿ ಕಲಿಸುವ ಒಂದು ಒಳ್ಳೆಯ ಶಾಲೆಯು ಹಟ್ಟಿಯಲ್ಲಿಯೇ ಆಗಬೇಕು. ಅಪ್ಪನು ಸುತ್ತಿಗೆ ಹಿಡಿದ ಗಣಿಯಲ್ಲಿ ಮಗನೂ ಮಗಳೂ ಇಂಜಿನಿಯರರಾಗಿ ಇಳಿಯಬೇಕು. ಗಣಿಯು ಮುಚ್ಚಿದರೂ ಆ ವಿದ್ಯೆಯಿಂದ ಜಗತ್ತಿನಲ್ಲಿ ಎಲ್ಲಿಯಾದರೂ ಬಾಳಬೇಕು. ನಾಲ್ಕನೆಯದು, ಎರಡು ಸಾವಿರ ವರುಷಗಳ ಅಗೆತಗಳ ನೆನಪನ್ನು ಕಾಯುವ ಒಂದು ವಸ್ತುಸಂಗ್ರಹಾಲಯವು ಬೇಕು. ಅದರಲ್ಲಿ ಅರಸರ ಹೆಸರಿನಷ್ಟೇ ದುಡಿದವರ ಕೆಲಸಕ್ಕೂ ಸ್ಥಳವಿರಬೇಕು.

ಶಾಲೆಯ ಮಾಸ್ತರರಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳನ್ನು ಹಂಪೆ ಬಾದಾಮಿಗಳಿಗೆ ಕರೆದೊಯ್ಯುವಿರಿ; ಅದು ಯೋಗ್ಯವೇ. ಒಮ್ಮೆ ಮಸ್ಕಿಗೂ ಹಟ್ಟಿಗೂ ಕರೆದೊಯ್ಯಿರಿ. ಅಶೋಕನ ಬಂಡೆಯನ್ನು ಬೆಳಿಗ್ಗೆ ತೋರಿಸಿ, ಗಣಿಯ ಗೋಪುರವನ್ನು ಸಂಜೆಗೆ ತೋರಿಸಿರಿ. ಪಾಳಿ ಮುಗಿಸಿ ಬರುವ ಆಳಿನ ಮುಖವನ್ನು ಅವರು ನೋಡಲಿ. ತಾಯಿಯ ಕೊರಳಿನ ತಾಳಿಯಲ್ಲಿರುವ ಗುಂಜಿ ಬಂಗಾರಕ್ಕೆ ಎಷ್ಟು ಕಲ್ಲು ಒಡೆಯಬೇಕಾಯಿತೆಂಬದನ್ನು ಅವರೇ ಲೆಕ್ಕ ಮಾಡಲಿ. ಪುಸ್ತಕದ ಹತ್ತು ಪಾಠಗಳಿಗಿಂತ ಆ ಲೆಕ್ಕವು ಅವರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವದು.

ಕನ್ನಡ ನಾಡು ಒಂದಾಗಬೇಕೆಂದು ಹಿರಿಯರು ಹೋರಾಡಿದ್ದು ನಕ್ಷೆಯ ಬಣ್ಣವು ಒಂದಾಗಲೆಂದಲ್ಲ. ನಾಡಿನ ಒಂದು ಮೂಲೆಯ ಸಿರಿಯು ಆ ಮೂಲೆಯ ಬಡವನಿಗೂ ಮುಟ್ಟಲೆಂಬದೇ ಅವರ ಆಶೆಯಾಗಿತ್ತು. ನಕ್ಷೆಯು 1956ರಲ್ಲಿ ಒಂದಾಯಿತು. ಆಶೆಯ ಬಾಕಿಯು ಹಟ್ಟಿಯ ಗಣಿಯ ಬಾಯಿಯಲ್ಲಿ ಇನ್ನೂ ನಿಂತಿದೆ. ಮೌರ್ಯರು ಒಯ್ದರು, ನಿಜಾಮರು ಒಯ್ದರು, ಪರದೇಶದ ಪಾಲುದಾರರು ಒಯ್ದರು ಎಂದು ನಾವು ಹೇಳಿಕೊಳ್ಳುವೆವು. ನಾಳಿನವರು ಆ ಸಾಲಿನ ಕೊನೆಗೆ ನಮ್ಮ ಹೆಸರನ್ನೂ ಸೇರಿಸದಂತೆ ನಡೆದುಕೊಳ್ಳುವದು ನಮ್ಮ ಕೈಯಲ್ಲಿಯೇ ಇದೆ.