ಪುಷ್ಕರಣಿ ಕಲಿಸುವ ಪಾಠ

ಹಳೆಯ ಕಟ್ಟಡಗಳ ಒಡೆತನದ ವಿವಾದಗಳು ನ್ಯಾಯಾಲಯದ ಮೆಟ್ಟಿಲೇರುತ್ತಿರುವ ಈ ದಿನಗಳಲ್ಲಿ ನಮ್ಮ ಸಂತೇಬೆನ್ನೂರಿನ ಪುಷ್ಕರಣಿ ಕಲಿಸುವ ಪಾಠವೊಂದಿದೆ. ಪಾಳೆಯಗಾರ ಕೆಂಗ ಹನುಮಪ್ಪನಾಯಕನು 16ನೆಯ ಶತಮಾನದಲ್ಲಿ ರಂಗನಾಥ ದೇಗುಲದೆದುರು ಇದನ್ನು ಕಟ್ಟಿಸಿದನು. 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ದೇಗುಲವನ್ನು ಕೆಡವಿ ಮುಸಾಫಿರಖಾನೆಯನ್ನು ಕಟ್ಟಿಸಿದನು. ನಾಯಕರು ಸೇಡು ತೀರಿಸಿಕೊಂಡ ಬಳಿಕ ಅಲ್ಲಿಯೂ ಪ್ರಾರ್ಥನೆ ನಿಂತಿತೆಂಬುದು ಪ್ರತೀತಿ. ಹಗೆಯಿಂದ ಯಾರಿಗೂ ಏನೂ ದಕ್ಕಲಿಲ್ಲ. ಆದರೆ ಕೊಳದ ನಡುವಣ ವಸಂತಮಂಟಪದಲ್ಲಿ ಹಿಂದೂ, ಇಸ್ಲಾಮಿ ಶೈಲಿಗಳೆರಡೂ ಬೆರೆತು ನಿಂತಿವೆ.

ನಡೆದ ಅನ್ಯಾಯವನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹ. ಅದಕ್ಕೆ ಇಂದಿನ ನೆರೆಯವನನ್ನು ಹೊಣೆಯಾಗಿಸುವುದು ನ್ಯಾಯಕ್ಕೆ ದ್ರೋಹ. ಆದುದರಿಂದ ನಾವು ನಮ್ಮ ಮಕ್ಕಳನ್ನು ಆ ಸೋಪಾನಗಳ ಬಳಿಗೆ ಕರೆದೊಯ್ದು, ಕೆಡವಿದ ಕಥೆಯನ್ನೂ ಬೆರೆತ ಕಥೆಯನ್ನೂ ಒಟ್ಟಿಗೇ ಹೇಳೋಣ.